ತೆಂಗಿನ ಚಿಪ್ಪಿನಲ್ಲಿ ಕೊಟ್ಟ ಪಾಯಸ

ಮಕ್ಕಳೇ, ಮೆಲ್ಬರ್ನಿಗೆ ಹೋಗಿ ಬಂದ ಮೇಲೆ ನೀವು ಕೇಳಿದಾಗಲೆಲ್ಲ ನಾನು ಕಾಂಗರೂ ಕಥೆ ಹೇಳಿದ್ದೇನೆ. ಸಮುದ್ರದ ದಂಡೆಯಲ್ಲಿ ಗಾಳಿಗೆ ನನ್ನ ಸೆರಗು ಹಾರಿ ಯಾರೋ ಮುದುಕರ ಮುಖ ಮುಚ್ಚಿದ್ದನ್ನು ಎಷ್ಟು ಸಲ ಹೇಳಿಸಿಕೊಂಡು ನಕ್ಕಿದ್ದೀರಿ. ಆದರೆ ಒಂದು ದಿನ ಅಲ್ಲಿ ಹೋಟೆಲಿಂದ ಹೋಟೆಲಿಗೆ ನಡೆದು ತಿಂದು ಬಂದದ್ದನ್ನು ಮಾತ್ರ ಹೇಳಿಲ್ಲ. ಅದನ್ನು ಹೇಳಿದರೆ ಅವತ್ತು ನನ್ನ ಜೊತೆಗಿದ್ದ ರತ್ನ ಎಂಬುವಳ ಎದುರು ನಾನು ಆಡಿದ ಮಾತನ್ನೂ ಹೇಳಬೇಕಾಗುತ್ತದೆ. ಅವಳ ಹತ್ತಿರ ‘ತಪ್ಪಾಯಿತು’ ಎನ್ನಲು ನನ್ನಿಂದ ಇವತ್ತಿನವರೆಗೂ ಆಗಿಲ್ಲ. ಬಾಯಲ್ಲಿ ಬಾರದ್ದು ಕೈಯಲ್ಲಾದರೂ ಬರುತ್ತದೇನೋ ಎಂದು ಬರೆಯಲು ಕೂತಿದ್ದೇನೆ. ಗಂಡಸಿ ಊರಿನ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳ ಬರವಣಿಗೆ. ಕಾಗುಣಿತ ತಪ್ಪಿದ್ದರೆ ತಿದ್ದಿಕೊಳ್ಳಿ, ಸಂಗತಿ ಮಾತ್ರ ಇದ್ದಂತೆ ಓದಿ.

ಅರಸೀಕೆರೆ ಬಿಟ್ಟು

ಸುನಾಮಿ ಬಂದುಹೋದ ಮಾರನೇ ವರ್ಷ. ನಿಮ್ಮಜ್ಜ ತೀರಿಹೋಗಿ ಎರಡು ವರ್ಷವಾಗಿತ್ತು. ನನ್ನ ಮಗಳು, ನಿಮ್ಮ ಸೋದರತ್ತೆ ಸುಮಾಳ ಬಾಣಂತನಕ್ಕೆಂದು ನನ್ನನ್ನು ಕರೆಸಿಕೊಂಡರು. ಅವಳು ಅಲ್ಲಿನ ಒಂದು ಆಸ್ಪತ್ರೆಯಲ್ಲಿ ನರ್ಸು, ಅಳಿಯಂದಿರು ಶಾಲೆಯ ಮೇಷ್ಟರು. ಒಂದು ಚೀಲದಲ್ಲಿ ಅಂಟಿನುಂಡೆ ಸಾಮಾನು, ಇನ್ನೊಂದರಲ್ಲಿ ರಾಗಿಹಿಟ್ಟು, ಚಟ್ನಿಪುಡಿ, ನಮ್ಮ ಮಂಡಿಯ ಉಂಡೆ ಕೊಬ್ಬರಿ. ವಿಮಾನ ಇಳಿದ ಕೂಡಲೆ ಅಧಿಕಾರಿಯೊಬ್ಬಳು ಕೊಬ್ಬರಿಯನ್ನು ಕಿತ್ತುಕೊಂಡು ಕಸದ ಡಬ್ಬಕ್ಕೆ ಹಾಕಿದಳು. ಅರಸೀಕೆರೆಯ ಕೊಬ್ಬರಿಯನ್ನು ಕಸಕ್ಕೆ ಹಾಕಿದವರನ್ನು ನಾನು ಅದೇ ಮೊದಲು ನೋಡಿದ್ದು. ಕಣ್ಣಲ್ಲಿ ನೀರೇ ಬಂತು.

ಆ ಊರಿನಲ್ಲಿ ಕನ್ನಡದಲ್ಲಿ ಮಾತಾಡಲು ನನಗೆ ಸಿಕ್ಕ ಹೊರಗಿನವಳು ರತ್ನ ಒಬ್ಬಳೇ. ಸುಮಾಳ ಆಸ್ಪತ್ರೆಯಲ್ಲೇ ಕೆಲಸ. ರಜೆ ಸಿಕ್ಕ ದಿನ ಬಂದು ಮಗುವಿನ ಬಟ್ಟೆ ಮಡಿಸುವಳು, ನನ್ನ ಜೊತೆ ಕೂತು ಅವರೆಕಾಳಿನ ಮಾತು, ಬಸ್ಸಿನ ಮಾತು ಆಡುವಳು. ಮೊದಲ ದಿನವೇ ಯಾವೂರು ಎಂದು ಕೇಳಿದೆ.

“ಮಾದಿಹಳ್ಳಿ ಅಮ್ಮ. ಹಳೇಬೀಡಿನ ಹತ್ರ.”

“ಅಯ್ಯೋ, ನಮ್ಮ ಪಕ್ಕದೋಳೇ ಕಣೇ! ನೀವು ಯಾವ ಜನ?”

ನಮ್ಮ ಕಡೆ ಊರು ಕೇಳಿದ ಬಾಯಲ್ಲೇ ಇದನ್ನೂ ಕೇಳುತ್ತೇವೆ. ಕೇಳಿದೆ ಎಂಬುದೂ ನಮಗೆ ಗೊತ್ತಾಗುವುದಿಲ್ಲ. ಸುಮಾ ಒಳಗಿನಿಂದ “ಅವ್ವಾ!” ಎಂದು ಗದರಿದಳು. ರತ್ನ ನಕ್ಕು, “ಬುದ್ಧನ ಕಡೆಯೋರು ಅಮ್ಮ” ಎಂದಳು. ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯಲ್ಲಿ ಜೈನರ ಬಸದಿಗಳಿವೆಯಲ್ಲ, ಹಾಗೆಯೇ ಯಾವುದೋ ಹಳೆಯ ಮತದವರಿರಬೇಕು, ಮಾಂಸ ಮುಟ್ಟುವವರಲ್ಲ ಎಂದು ನನ್ನ ಪಾಡಿಗೆ ನಾನೇ ತಿಳಿದುಕೊಂಡು ಸಮಾಧಾನಪಟ್ಟೆ. ಆ ಸಮಾಧಾನ ನೆನೆದರೂ ಈಗ ನಾಚಿಕೆಯಾಗುತ್ತದೆ.

ಹಳದಿ ಛತ್ರಿಯ ಹಿಂದೆ

ಸುಮಾ ಇದ್ದ ಪೇಟೆಯಲ್ಲಿ ವರ್ಷಕ್ಕೊಮ್ಮೆ ಊಟದ ಹಬ್ಬ ಮಾಡುತ್ತಾರೆ. ದೇವರಿಲ್ಲ, ಪೂಜೆಯಿಲ್ಲ, ತಿನ್ನುವುದೇ ಹಬ್ಬ. ಹತ್ತು ಹನ್ನೆರಡು ಜನರನ್ನು ಒಂದು ಗುಂಪು ಮಾಡಿ ಬೀದಿಯ ಹೋಟೆಲುಗಳಿಗೆ ನಡೆಸಿಕೊಂಡು ಹೋಗುತ್ತಾರೆ. ಪ್ರತಿ ಹೋಟೆಲಿನವರೂ ರುಚಿಗೆಂದು ಒಂದೊಂದು ತಿಂಡಿ ಕೊಡುತ್ತಾರೆ. ಅಳಿಯಂದಿರು ಮಗು ನೋಡಿಕೊಳ್ಳುತ್ತೇನೆಂದರು. ಸುಮಾ ನನ್ನನ್ನು ರತ್ನಳ ಜೊತೆ ಮಾಡಿ ಬಾಗಿಲಿಂದ ಆಚೆಗೆ ತಳ್ಳಿದಳು.

“ಮನೇಲೇ ಕೂತು ಕೂತು ನೀನೇ ಬಾಣಂತಿ ಆಗಿದ್ದೀಯ ಅವ್ವ. ಹೋಗಿ ಬಾ.”

ನಾನು ಲಿಂಗಪೂಜೆ ಮುಗಿಸಿ, ಎರಡು ರೊಟ್ಟಿ ತಿಂದು, ಇನ್ನೆರಡನ್ನು ಬಟ್ಟೆಯಲ್ಲಿ ಕಟ್ಟಿ ಕೈಚೀಲಕ್ಕೆ ಇಟ್ಟುಕೊಂಡೆ. ಹೋಟೆಲು ನೋಡಲು ಹೋಗುವವಳು ಬುತ್ತಿ ಕಟ್ಟಿಕೊಂಡಳೆಂದು ರತ್ನ ದಾರಿಯುದ್ದಕ್ಕೂ ನಗುತ್ತಿದ್ದಳು.

ನಮ್ಮನ್ನು ನಡೆಸಿಕೊಂಡು ಹೋದವರು ಉದ್ದನೆಯ ಒಬ್ಬ ಮುದುಕರು. ಮಳೆಯಿಲ್ಲ, ಬಿಸಿಲಿಲ್ಲ, ಆದರೂ ಹಳದಿ ಛತ್ರಿ ಬಿಚ್ಚಿ ಎತ್ತಿ ಹಿಡಿದಿದ್ದರು. ಅದು ಗುಂಪು ತಪ್ಪದಿರಲು ಗುರುತಂತೆ. ನಿಮ್ಮಜ್ಜ ನನ್ನನ್ನು ಬೇಲೂರಿಗೆ ಕರೆದುಕೊಂಡು ಹೋಗಿದ್ದಾಗ, ವಿದೇಶದವರು ಗೈಡಿನ ಹಿಂದೆ ಸಾಲಾಗಿ ಹೋಗಿ ಅವನು ತಲೆಯೆತ್ತಿದಾಗ ತಾವೂ ತಲೆಯೆತ್ತುವುದನ್ನು ಕಂಡು ಸೆರಗು ಅಡ್ಡ ಮಾಡಿಕೊಂಡು ನಕ್ಕಿದ್ದೆ. ಈಗ ಸೀರೆಯ ಮೇಲೆ ಅಳಿಯಂದಿರ ಕೋಟು, ಚಪ್ಪಲಿಯೊಳಗೆ ಉಣ್ಣೆ ಕಾಲುಚೀಲ ಹಾಕಿಕೊಂಡು ನಾನೂ ಹಾಗೇ ಹೊರಟಿದ್ದೆ. ದಾರಿಯಲ್ಲಿ ಹೋಗುವವರು ನನ್ನನ್ನು ನೋಡಿ ನಗಲಿಲ್ಲ. “ಹಲೋ” ಎಂದರು. ನಾನು ತಲೆ ತಗ್ಗಿಸಿದೆ.

ಮೊದಲನೆಯದು: ಲೆಬನಾನಿನವರ ರೊಟ್ಟಿ ಅಂಗಡಿ

ಒಲೆಯ ಮುಂದೆ ಹೆಂಗಸೊಬ್ಬಳು ನಿಂತು ಎಳ್ಳು ಹಾಕಿದ ರೊಟ್ಟಿ ಸುಡುತ್ತಿದ್ದಳು. ವಾಸನೆಗೆ ಹೊಟ್ಟೆ ತುಂಬಿದವಳಿಗೂ ಹಸಿವಾಗಬೇಕು. ತಟ್ಟೆ ನನ್ನ ಮುಂದೆ ಬಂತು. ನಾನು ಮರ್ಯಾದೆಗೆ “ಬೇಡ, ಬೇಡ” ಎಂದು ಕೈ ಆಡಿಸಿದೆ. ತಟ್ಟೆ ಹಾಗೇ ಮುಂದಿನವರ ಹತ್ತಿರ ಹೋಗಿಬಿಟ್ಟಿತು. ಮತ್ತೆ ಬರುತ್ತದೆಂದು ಕಾದೆ. ಬರಲಿಲ್ಲ. ಎಲ್ಲರೂ ತಿಂದು ಬೆರಳು ಒರೆಸಿಕೊಂಡರು.

“ತಿನ್ಲಿಲ್ವಾ ಅಮ್ಮ?” ರತ್ನ ಕೇಳಿದಳು.

“ಇನ್ನೊಂದು ಸಲ ಕೇಳ್ಳೇ ಇಲ್ಲವಲ್ಲೇ.”

“ಇಲ್ಲಿ ಒಂದೇ ಸಲ ಕೇಳೋದು ಅಮ್ಮ. ಅರಸೀಕೆರೆ ಥರ ಸೆರಗು ಹಿಡಿದು ಕೂರಿಸಿ ಬಡಿಸಲ್ಲ. ಮುಂದಿನ ಹೋಟ್ಲಲ್ಲಿ ಬಿಗುಮಾನ ಬಿಟ್ಟು ಕೈ ಚಾಚಿ.”

ತನ್ನ ಪಾಲಿನಲ್ಲಿ ಉಳಿಸಿಕೊಂಡಿದ್ದ ಅರ್ಧ ರೊಟ್ಟಿಯನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಳು. ಅವಳು ಕಚ್ಚಿರಲಿಲ್ಲ, ಮುರಿದಿಟ್ಟಿದ್ದಳು. ತಿಂದೆ. ನಮ್ಮ ಎಳ್ಳಿನ ರುಚಿಯೇ.

ಎರಡನೆಯದು: ಒಂದೇ ತಟ್ಟೆ

ಇಥಿಯೋಪಿಯಾದವರ ಹೋಟೆಲು. ಮೊರದಷ್ಟು ದೊಡ್ಡ ತಟ್ಟೆಯ ತುಂಬ ಹುಳಿಹುಳಿಯಾದ ತೂತು ತೂತಿನ ದೋಸೆ ಹಾಸಿ, ಅದರ ಮೇಲೆ ಬೇಳೆ, ಸೊಪ್ಪು, ಕೋಸಿನ ಪಲ್ಯಗಳನ್ನು ಗುಪ್ಪೆ ಗುಪ್ಪೆಯಾಗಿ ಹಾಕಿದ್ದರು. ನಮ್ಮ ನಾಲ್ವರ ಮಧ್ಯೆ ಒಂದು ತಟ್ಟೆ. ಬೇರೆ ತಟ್ಟೆ ಕೊಡುವುದೇ ಇಲ್ಲವಂತೆ. ಒಂದೇ ತಟ್ಟೆಯಲ್ಲಿ ಉಂಡವರು ಒಬ್ಬರಿಗೊಬ್ಬರು ಮೋಸ ಮಾಡುವುದಿಲ್ಲ ಎಂಬುದು ಅವರ ನಂಬಿಕೆ ಎಂದು ರತ್ನ ಹೇಳಿದಳು. ಎದುರಿಗೆ ಗುರುತಿಲ್ಲದ ಗಂಡ ಹೆಂಡತಿ. ಆತ ದೋಸೆ ಮುರಿದು ಬೇಳೆಯಲ್ಲಿ ಅದ್ದಿ ಹೆಂಡತಿಯ ಬಾಯಿಗಿಟ್ಟು, ಅದೇ ಬೆರಳನ್ನು ಮತ್ತೆ ತಟ್ಟೆಗೆ ಹಾಕಿದ.

ನಾನು ಚಾಚಿದ ಕೈಯನ್ನು ಮಡಿಲಿಗೆ ಎಳೆದುಕೊಂಡೆ. ಎಂಜಲು ಎಂದು ಚಿಕ್ಕಂದಿನಿಂದ ಕಲಿತದ್ದು ಒಂದು ಮಧ್ಯಾಹ್ನಕ್ಕೆ ಬಿಟ್ಟುಹೋಗುತ್ತದೆಯೇ? ರತ್ನ ನನ್ನ ಮುಖ ನೋಡಿದಳು. ಯಾರೂ ಕೈ ಹಾಕಿರದ ಅಂಚಿನಿಂದ ಒಂದು ದೊಡ್ಡ ತುಂಡು ಹರಿದು, ಮಧ್ಯದಲ್ಲಿ ಸೊಪ್ಪಿಟ್ಟು ಸುತ್ತಿ ನನಗೆ ಕೊಟ್ಟಳು.

“ತಗೊಳ್ಳಿ. ಇದನ್ನ ಯಾರೂ ಮುಟ್ಟಿಲ್ಲ.”

ಅವಳು ಮುಟ್ಟಿದ್ದಳು. ಅದು ನನಗೆ ಲೆಕ್ಕಕ್ಕೇ ಬರಲಿಲ್ಲ. ನಮ್ಮವಳು, ನಮ್ಮ ಕಡೆಯವಳು ಎಂದುಕೊಂಡು ಅವಳ ಕೈಯಿಂದ ನೆಮ್ಮದಿಯಾಗಿ ತಿಂದೆ. ಹೊರಗೆ ಬಂದ ಮೇಲೆ ಹೊಗಳಿದೆ ಕೂಡ. “ನೋಡು, ಒಳ್ಳೇ ಮನೆತನದ ಹೆಣ್ಣುಮಕ್ಕಳಿಗೆ ಇಂಥದ್ದೆಲ್ಲ ಹೇಳಿಕೊಡಬೇಕಾಗಿಲ್ಲ” ಎಂದೆ. ಅವಳು ಈ ಸಲ ನಗಲಿಲ್ಲ. ರಸ್ತೆ ದಾಟುವಾಗ ನನ್ನ ಮೊಣಕೈ ಹಿಡಿದುಕೊಂಡಳು.

ಮೂರನೆಯದು: ಥಾಯ್ಲೆಂಡಿನವಳ ಹೋಟೆಲು

ಚಿಕ್ಕ ಹೋಟೆಲು, ಆರೇ ಮೇಜು. ಹೊಸದಾಗಿ ತೆರೆದದ್ದು, ಆ ಹಬ್ಬಕ್ಕೆ ಅದೇ ಮೊದಲ ವರ್ಷ ಸೇರಿದ್ದಂತೆ. ನಡೆಸುವವಳು ನಲವತ್ತರ ಆಸುಪಾಸಿನ ಹೆಂಗಸು, ಚುರುಕು ಕಾಲಿನವಳು. ನಾವು ಒಳಗೆ ಕಾಲಿಟ್ಟ ಕೂಡಲೆ ಕೈಮುಗಿದಳು. ಆ ದೇಶಕ್ಕೆ ಹೋದ ಮೇಲೆ ನನಗೆ ಕೈಮುಗಿದ ಮೊದಲ ಪರಕೀಯಳು. ಗೋಡೆಯ ಮೇಲೆ ಗೂಡಿನಲ್ಲಿ ಪುಟ್ಟ ಬುದ್ಧ, ಮುಂದೆ ಹೂವು. ರತ್ನ ಅಲ್ಲಿ ನಿಂತು ಕಣ್ಣುಮುಚ್ಚಿ ನಮಸ್ಕಾರ ಮಾಡಿದಳು. ಹೋಟೆಲಿನವಳಿಗೆ ಬಹಳ ಖುಷಿಯಾಯಿತು. ಇಬ್ಬರೂ ಏನೋ ಇಂಗ್ಲಿಷಿನಲ್ಲಿ ಮಾತಾಡಿಕೊಂಡರು. ನನ್ನ ಕಡೆ ತೋರಿಸಿ ರತ್ನ “ಮದರ್” ಎಂದದ್ದು ಮಾತ್ರ ಕಿವಿಗೆ ಬಿತ್ತು.

ಕೊನೆಗೆ ಪಾಯಸ ಬಂತು. ಕಪ್ಪು ಅಕ್ಕಿಯನ್ನು ಬೇಯಿಸಿ ಬೆಲ್ಲ, ಕಾಯಿಹಾಲು ಹಾಕಿದ್ದು. ಎಲ್ಲರಿಗೂ ಬಿಳಿಯ ಪಿಂಗಾಣಿ ಬಟ್ಟಲಿನಲ್ಲಿ ಕೊಟ್ಟಳು. ನನ್ನ ಮುಂದೆ ಬಂದು, ಎರಡೂ ಕೈಯಲ್ಲಿ ಹಿಡಿದು, ತಲೆಬಾಗಿ ಇಟ್ಟಳು. ನೋಡಿದರೆ ತೆಂಗಿನ ಚಿಪ್ಪು.

ಸುತ್ತ ನೋಡಿದೆ. ಹನ್ನೊಂದು ಜನರ ಮುಂದೆ ಬಿಳಿ ಬಟ್ಟಲು. ನನಗೊಬ್ಬಳಿಗೆ ಚಿಪ್ಪು.

ಮಕ್ಕಳೇ, ನೀವು ಹುಟ್ಟುವಷ್ಟರಲ್ಲಿ ನಮ್ಮ ಹಿತ್ತಲಿನ ಕೆಲಸವೆಲ್ಲ ನಿಂತಿತ್ತು. ಆದ್ದರಿಂದ ಇದು ನಿಮಗೆ ಗೊತ್ತಿಲ್ಲ. ಅಟ್ಟದ ಮೇಲಿಂದ ಕಾಯಿ ಇಳಿಸಿ, ಸುಲಿದು, ಒಡೆದು ಕೊಬ್ಬರಿ ತೆಗೆಯಲು ಕೇರಿಯಿಂದ ಆಳುಗಳು ಬರುತ್ತಿದ್ದರು. ಮಧ್ಯಾಹ್ನ ಅವರಿಗೆ ಕಾಫಿ ಕೊಡಬೇಕು. ಅಡುಗೆಗೆ ಕಾಯಿ ತುರಿದ ಮೇಲೆ ದೊಡ್ಡ ಚಿಪ್ಪುಗಳನ್ನು ನಮ್ಮತ್ತೆ ಇದಕ್ಕೆಂದೇ ಆರಿಸಿ ಇಡುತ್ತಿದ್ದರು. ಆಳುಗಳು ಚಿಪ್ಪು ಹಿಡಿದು ಕೂರುವರು, ನಾವು ತಾಗದ ಹಾಗೆ ಮೇಲಿನಿಂದ ಹುಯ್ಯುವೆವು. ಅತ್ತೆ ಹೋದ ಮೇಲೆ ಮನೆಯ ಯಜಮಾನಿ ನಾನೇ. ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಹುಯ್ಯುತ್ತಿದ್ದ ಕೈ ನನ್ನದೇ.

ಆ ಚಿಪ್ಪು ನನ್ನ ಮುಂದೆ ಬಂದಾಗ ಇದು ಯಾವುದೂ ತಪ್ಪೆಂದು ಹೊಳೆಯಲಿಲ್ಲ. ನನ್ನ ಕಪ್ಪು ಬಣ್ಣ, ನನ್ನ ಚಪ್ಪಲಿ, ಕುಂಕುಮವಿಲ್ಲದ ನನ್ನ ಹಣೆ ಕಂಡು ಈ ಹೆಂಗಸು ನನ್ನನ್ನು ಪಂಕ್ತಿಯಿಂದ ಬೇರೆ ಮಾಡಿದಳು ಎನ್ನಿಸಿ ಕಿವಿ ಬಿಸಿಯಾಯಿತು. ನಾಲ್ಕು ಜನರ ಮುಂದೆ ಬಾಯಿ ಬಿಡದವಳು ನಾನು. ಅವತ್ತು ಬಿಟ್ಟೆ. ಚಿಪ್ಪನ್ನು ಮೇಜಿನ ಆಚೆಗೆ ತಳ್ಳಿದೆ. ಪಾಯಸ ತುಳುಕಿ ಬಿಳಿಯ ಬಟ್ಟೆಯ ಮೇಲೆ ಚೆಲ್ಲಿತು.

“ನನಗ್ಯಾಕೆ ಇದ್ರಲ್ಲಿ ಕೊಟ್ಲು ಕೇಳು ರತ್ನ! ಇದ್ರಲ್ಲಿ ನಮ್ಮನೆ ಆಳುಗಳಿಗೆ ಕೊಡ್ತಿದ್ವಿ. ನಾನೇನು ಕೇರಿಯೋಳಾ?”

ಕನ್ನಡ ಯಾರಿಗೂ ತಿಳಿಯಲಿಲ್ಲ. ಆದರೆ ದನಿ ಎಲ್ಲರಿಗೂ ತಿಳಿಯಿತು. ಚಮಚಗಳು ನಿಂತವು. ಛತ್ರಿಯ ಮುದುಕರು ಅರ್ಧ ಎದ್ದು ನಿಂತರು. ಹೋಟೆಲಿನವಳ ಮುಖದಲ್ಲಿ ರಕ್ತವೇ ಇರಲಿಲ್ಲ. ಅವಳು ರತ್ನಳನ್ನು ನೋಡಿ ಏನೋ ಕೇಳಿದಳು, ಮತ್ತೆ ಕೇಳಿದಳು.

ರತ್ನ ನನ್ನನ್ನೇ ನೋಡುತ್ತಿದ್ದಳು. ಸಿಟ್ಟಾಗಿದ್ದರೆ ನನಗೆ ಗೊತ್ತಾಗುತ್ತಿತ್ತು. ಆ ನೋಟ ಸಿಟ್ಟಿನದಲ್ಲ. ಇಷ್ಟು ದಿನ ಮಾತಾಡುತ್ತಿದ್ದವಳ ಮನೆ ಯಾವುದೆಂದು ಈಗ ಗುರುತು ಹತ್ತಿದ ಹಾಗೆ ನೋಡಿದಳು. ಆಮೇಲೆ ಆ ಹೆಂಗಸಿನ ಕಡೆ ತಿರುಗಿ ಇಂಗ್ಲಿಷಿನಲ್ಲಿ ನಿಧಾನವಾಗಿ ಏನೋ ಹೇಳಿದಳು. ಹೋಟೆಲಿನವಳ ಮುಖ ಸಡಿಲವಾಯಿತು. ಎದೆಯ ಮೇಲೆ ಕೈಯಿಟ್ಟುಕೊಂಡು ನನ್ನ ಭುಜ ಸವರಿದಳು. ಅವಳ ಕಣ್ಣಲ್ಲಿ ನೀರು. ಸುತ್ತ ಕೂತವರೂ “ಓ” ಎಂದು ಮೆತ್ತಗೆ ನಕ್ಕು ಚಮಚ ಎತ್ತಿಕೊಂಡರು.

“ಏನಂದೆ?” ಎಂದೆ.

“ಚಿಪ್ಪು ನೋಡಿ ನಿಮಗೆ ಊರು ನೆನಪಾಯ್ತು, ಮನೆಯೋರು ನೆನಪಾದ್ರು, ಅದಕ್ಕೆ ತಡೆಯೋಕಾಗ್ಲಿಲ್ಲ ಅಂದೆ.” ಅವಳ ದನಿ ಸಮವಾಗಿತ್ತು. “ಅವಳ ಹತ್ರ ಇಂಥ ಬಟ್ಟಲು ಇರೋದು ಇದೊಂದೇ ಅಂತೆ. ಅವಳ ಅಪ್ಪ ಕೈಯಾರೆ ಉಜ್ಜಿ ನಯ ಮಾಡಿದ್ದು. ಬಂದೋರಲ್ಲಿ ದೊಡ್ಡೋರು ಯಾರೋ ಅವರಿಗೆ ಅದ್ರಲ್ಲಿ ಕೊಡ್ತಾಳಂತೆ.”

ನಾನು ಚಿಪ್ಪನ್ನು ನೋಡಿದೆ. ಹೊರಗೆ ನಾರಿನ ಗುರುತಿಲ್ಲ. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅಂಚಿನಲ್ಲಿ ಸಣ್ಣ ಬಳ್ಳಿ ಕೊರೆದಿದ್ದರು. ಅದನ್ನು ನಾನು ನೋಡಿಯೇ ಇರಲಿಲ್ಲ.

ಕೈ ಚಾಚಬೇಕೆನ್ನುವಷ್ಟರಲ್ಲಿ ರತ್ನ ತನ್ನ ಬಿಳಿ ಬಟ್ಟಲನ್ನು ನನ್ನ ಮುಂದಿಟ್ಟು ಚಿಪ್ಪನ್ನು ತನ್ನ ಕಡೆಗೆ ಎಳೆದುಕೊಂಡಳು.

“ನೀವು ಇದ್ರಲ್ಲಿ ತಿನ್ನಿ ಅಮ್ಮ. ನಂಗೆ ಚಿಪ್ಪಿನದೇನೂ ಇಲ್ಲ. ನಮ್ಮಜ್ಜಿ ಜಾವಗಲ್ ಕಡೆ ಕೊಬ್ಬರಿ ಒಡೆಯೋಕೆ ಹೋಗ್ತಿತ್ತು. ಸಾಯೋ ತನಕ ಅದು ಬೇರೆಯೋರ ಮನೇಲಿ ಕಾಫಿ ಕುಡಿದಿದ್ದು ಇದ್ರಲ್ಲೇ.”

ಇಷ್ಟು ಹೇಳಿ ಚಮಚದಲ್ಲಿ ತಿನ್ನತೊಡಗಿದಳು. ಬುದ್ಧನ ಕಡೆಯವರು ಎಂದರೆ ಏನೆಂದು ನನಗೆ ಆಗ ತಿಳಿಯಿತು. ಮೂರು ತಿಂಗಳಿಂದ ನನ್ನ ಜೊತೆ ಕೂತು ಉಂಡವಳು, ಆ ಹೊತ್ತಿನ ತನಕ ತನ್ನ ಕೈಯಿಂದ ನನಗೆ ತಿನ್ನಿಸುತ್ತ ಬಂದವಳು. ಆ ಬಿಳಿ ಬಟ್ಟಲಿನ ಪಾಯಸವನ್ನು ನಾನು ತಿಂದು ಮುಗಿಸಿದೆ. ಬಿಡುವುದಕ್ಕೂ ಧೈರ್ಯ ಬರಲಿಲ್ಲ. ರುಚಿ ಕೇಳಬೇಡಿ.

ನಾಲ್ಕನೆಯದು

ಕಾಫಿ ಅಂಗಡಿ. ಕಹಿ ಕಾಫಿ, ಬೆರಳುದ್ದದ ಲೋಟ. ಆ ಅಂಗಡಿಯ ಬಗ್ಗೆ ಬೇರೇನೂ ನೆನಪಿಲ್ಲ. ‘ತಪ್ಪಾಯ್ತು ಕಣವ್ವ’ ಎಂಬ ಮಾತನ್ನು ಬಾಯಲ್ಲಿ ಹಿಡಿದುಕೊಂಡು ಕೂತಿದ್ದೆ. ರತ್ನ ಪಕ್ಕದವರ ಜೊತೆ ಮಾತಾಡುತ್ತಿದ್ದಳು. ಮುಗಿಯಲಿ ಎಂದು ಕಾದೆ. ಮುಗಿದಾಗ ಛತ್ರಿ ಮೇಲೆದ್ದಿತು, ಎಲ್ಲರೂ ಹೊರಟರು. ಟ್ರಾಮಿನಲ್ಲಿ ಹೇಳೋಣ ಎಂದುಕೊಂಡೆ. ಟ್ರಾಮಿನಲ್ಲಿ ಅವಳು ಎದ್ದು ನಿಂತು ನನಗೆ ಕಿಟಕಿಯ ಜಾಗ ಕೊಟ್ಟಳು.

ಬಾಗಿಲಲ್ಲೇ ಸುಮಾ, “ಹೆಂಗಿತ್ತವ್ವ?” ಎಂದಳು.

“ಚೆನ್ನಾಗಿತ್ತು” ಎಂದೆ.

“ಏನೇ ರತ್ನ, ನಮ್ಮವ್ವ ಮಾನ ಕಳೆದ್ರಾ?”

“ಮೊದಲ್ನೇ ಹೋಟ್ಲಲ್ಲಿ ಬೇಡ ಅಂದು ಉಪವಾಸ ಕೂತಿದ್ರು, ಅಷ್ಟೇ” ಎಂದು ರತ್ನ ನಕ್ಕಳು.

ಆಮೇಲೂ ಅವಳು ಬರುತ್ತಿದ್ದಳು. ಬಟ್ಟೆ ಮಡಿಸುವಳು, ಮಗುವನ್ನು ಆಡಿಸುವಳು. ಆದರೆ ಊರಿನ ಮಾತು ಎತ್ತುತ್ತಿರಲಿಲ್ಲ. ನಾನು ಬಡಿಸಲು ಹೋದರೆ, “ಡ್ಯೂಟಿಗೆ ಹೊತ್ತಾಯ್ತಮ್ಮ” ಎಂದು ಏಳುವಳು. ಸುಮಾಳಿಗೆ ಇದು ಕಾಣಲಿಲ್ಲ. ನನಗೆ ಕಂಡಿತು. ಹೊರಡುವ ದಿನ ವಿಮಾನ ನಿಲ್ದಾಣಕ್ಕೂ ಬಂದಳು. ಅವಳ ಕೈ ಹಿಡಿದುಕೊಂಡೆ. ಅಷ್ಟು ಹತ್ತಿರ ನಿಂತೂ ನನ್ನ ಬಾಯಿಂದ ಬಂದದ್ದು, “ಹುಷಾರು ಕಣವ್ವ, ಚಳಿಗೆ ಕಿವಿ ಮುಚ್ಕೋ.”

ಮಾದಿಹಳ್ಳಿ

ಇದು ಪರದೇಶವಲ್ಲ. ಆದರೂ ಆ ಪ್ರಯಾಣ ನನಗೆ ಮುಗಿದದ್ದು ಇಲ್ಲಿ. ಊರಿಗೆ ಬಂದ ತಿಂಗಳಿಗೆ, ಹಳೇಬೀಡಿನ ದೇವರಿಗೆ ಹೋಗಿ ಬತ್ತೀನಿ ಎಂದು ಮನೆಯಲ್ಲಿ ಸುಳ್ಳು ಹೇಳಿ ಅರಸೀಕೆರೆಯಲ್ಲಿ ಬಸ್ಸು ಹತ್ತಿದೆ. ಹಳೇಬೀಡಿನಲ್ಲಿ ಇಳಿದು ಇನ್ನೊಂದು ಬಸ್ಸು. ರತ್ನಳ ಹತ್ತಿರ ಹೇಳಲಾಗದ್ದನ್ನು ಅವಳ ತಾಯಿಯ ಹತ್ತಿರವಾದರೂ ಹೇಳಿಬಿಡಬೇಕು ಎಂದು ಗಟ್ಟಿ ಮಾಡಿಕೊಂಡಿದ್ದೆ.

ಮನೆ ತಾರಸಿಯದು, ಮುಂದೆ ಎರಡು ಸೀಮೆಹಸು. ರತ್ನಳ ತಾಯಿ ಸಾವಿತ್ರಮ್ಮ ನನ್ನ ವಯಸ್ಸಿನವರೇ. ಹೆಸರು ಹೇಳುತ್ತಿದ್ದಂತೆ ಅವರಿಗೆ ಗುರುತು ಹತ್ತಿತು.

“ಸುಮಾನ ಅಮ್ಮ ಅಲ್ವಾ ನೀವು! ಬನ್ನಿ, ಬನ್ನಿ. ನಮ್ಮ ರತ್ನ ಫೋನಲ್ಲಿ ನಿಮ್ಮ ಚಟ್ನಿಪುಡಿ ಸುದ್ದೀನೇ ಹೇಳ್ತಿತ್ತು. ಪರದೇಶದಾಗೆ ಒಬ್ರು ದೊಡ್ಡೋರು ಸಿಕ್ಕವ್ರೆ ಕಣವ್ವಾ ಅಂತ.”

ಹೋಟೆಲಿನಲ್ಲಿ ನಡೆದದ್ದನ್ನು ರತ್ನ ತಾಯಿಗೂ ಹೇಳಿರಲಿಲ್ಲ.

ಕಾಫಿ ತಂದರು. ಕುಡಿದೆ. ಕುಡಿದು ಮುಗಿಸಿ ಲೋಟ ಹಿಡಿದುಕೊಂಡು ಎದ್ದು ಹಿತ್ತಲ ಬಚ್ಚಲಿಗೆ ಹೊರಟೆ. ನಮ್ಮ ಮನೆಯಲ್ಲಿ ಕುಡಿದ ಚಿಪ್ಪನ್ನು ಆಳುಗಳೇ ತೊಳೆದು ಗೋಡೆಯ ಸಂದಿಯಲ್ಲಿ ಇಡಬೇಕಿತ್ತು. ಇಲ್ಲಿ ನಾನು ಕುಡಿದ ಲೋಟವನ್ನು ನಾನೇ ತೊಳೆದಿಟ್ಟರೆ, ಬಾಯಲ್ಲಿ ಹೇಳದಿದ್ದರೂ ಹೇಳಿದ ಹಾಗಾಗುತ್ತದೆ ಎಂದು ಎಣಿಸಿದ್ದೆ. ನಲ್ಲಿ ತಿರುಗಿಸಿದೆ.

ಸಾವಿತ್ರಮ್ಮ ಹಿಂದೆಯೇ ಬಂದರು. ನನ್ನ ಮುಖ ಒಂದು ಗಳಿಗೆ ನೋಡಿದರು. ಅರಸೀಕೆರೆಯ ಕೊಬ್ಬರಿ ಮಂಡಿಯ ಮನೆಯವಳು ಯಾಕೆ ಲೋಟ ತೊಳೆಯಲು ಹೊರಟಳು ಎಂದು ಅವರಿಗೆ ತಿಳಿಯದೆ ಹೋಗಿರಲಾರದು. ನಲ್ಲಿ ನಿಲ್ಲಿಸಿ ಲೋಟವನ್ನು ನನ್ನ ಕೈಯಿಂದ ತೆಗೆದುಕೊಂಡರು.

“ಬಿಡಿ ತಾಯಿ. ನಮ್ಮನೇಲಿ ಬಂದೋರ ಕೈಲಿ ಲೋಟ ತೊಳೆಸಲ್ಲ.”

ಕಡ್ಡಿ ಮುರಿದ ಹಾಗೆ ಹೇಳಲಿಲ್ಲ, ಮೆತ್ತಗೆ ಹೇಳಿದರು. ಆಮೇಲೆ ಒಳಗೆ ಕರೆದು, ಅಕ್ಕಿರೊಟ್ಟಿ ಹಾಕಿ, ಎರಡು ಸಲ ಅಲ್ಲ, ಮೂರು ಸಲ ಬಲವಂತ ಮಾಡಿ ಬಡಿಸಿದರು. ನಾನು ಹೇಳಬೇಕೆಂದು ಹೋಗಿದ್ದ ಮಾತು ಹೇಳದೆ ಮಧ್ಯಾಹ್ನದ ಬಸ್ಸಿಗೆ ವಾಪಸು ಬಂದೆ.

ಇದನ್ನು ಓದಿ ಮುಗಿಸಿ, “ಹೋಗಲಿ ಬಿಡಜ್ಜಿ, ಆಗಿನ ಕಾಲವೇ ಹಾಗಿತ್ತು” ಎಂದು ನನ್ನ ಹತ್ತಿರ ಬರಬೇಡಿ. ಕಾಲ ಹಾಗಿತ್ತು, ನಿಜ. ಆದರೆ ಆ ಹೋಟೆಲಿನಲ್ಲಿ ಕೂತು ಆ ಮಾತು ಆಡಿದ್ದು ನಾನು. ಈ ಕಾಗದಗಳನ್ನು ಮೊದಲು ಸುಮಾಳಿಗೆ ಕಳಿಸಿ. ಅವಳು ರತ್ನಳ ಮುಂದೆ ಕೂತು ಓದಲಿ. ಓದಿದ ಮೇಲೆ ರತ್ನ ಏನಾದರೂ ಅಂದರೆ, ಅದು ನನಗೆ ನೋವಾಗುವಂಥದ್ದೇ ಆಗಿರಲಿ, ಒಂದು ಮಾತೂ ಬಿಡದೆ ನನಗೆ ಬಂದು ಹೇಳಿ. ಏನೂ ಅನ್ನದಿದ್ದರೆ, ಅನ್ನಲಿಲ್ಲ ಎಂದೂ ಹೇಳಿ.